ಕಡಲಿಗೆ ಕಯಾಕ್ ಇಳಿಸುವ ಮುಂಚೆ: ಯಾವ ದೋಣಿ, ಯಾವ ಗಾಳ, ಯಾವ ಮೀನು?

ಕಯಾಕ್ ಎಂಬ ಸಣ್ಣ ಹುಟ್ಟಿನ ದೋಣಿಯಲ್ಲಿ ಕೂತು ಮೀನು ಹಿಡಿಯುವ ಆಸೆಯಿಂದ "ಯಾವ ಕಯಾಕ್ ತಗೊಳ್ಳಲಿ?" ಎಂದು ಕೇಳುವವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಹಿಡಿದ ಮೀನನ್ನು ಏನು ಮಾಡ್ತೀರಿ? ಮನೆಗೆ ಒಂದು ಹೊತ್ತಿನ ಸಾರಿಗೆ ಆದರೆ ಸಾಕೋ, ಹಿಡಿದು ನೀರಿಗೇ ಬಿಡುವ ಆಸೆಯೋ, ಅಥವಾ ಸಿಕ್ಕಿದ್ದೆಲ್ಲ ತರುವ ಲೆಕ್ಕವೋ? ಹೆಚ್ಚಿನವರು ಇದನ್ನು ಯೋಚಿಸಿರುವುದೇ ಇಲ್ಲ. ಆದರೆ ಕಯಾಕಿನ ಆಕಾರದಿಂದ ಹಿಡಿದು ಗಾಳದ ತುದಿಯ ಮುಳ್ಳಿನವರೆಗೆ ಎಲ್ಲವೂ ಇದರ ಮೇಲೆ ನಿಂತಿದೆ. ನನ್ನ ಮಾತು ಇಷ್ಟೇ: ಬೇಡದ ಮೀನನ್ನು ಜೀವಂತ ಬಿಡಲು ಸಾಧ್ಯವಾಗುವಂಥ ಸಾಮಾನನ್ನೇ ಆರಿಸಿಕೊಳ್ಳಿ. ಬೇಕಾದ ಮೀನು ಅದರಲ್ಲೂ ಸಿಗುತ್ತದೆ.

ನಾನು ಬರೆಯುತ್ತಿರುವುದು ನಮ್ಮ ಕಾರವಾರದಿಂದ ಉಳ್ಳಾಲದವರೆಗಿನ ಸುಮಾರು 320 ಕಿ.ಮೀ ಕರಾವಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಬೇರೆ ಕಡಲಿಗೆ ಬೇರೆ ಲೆಕ್ಕ.

ಒಬ್ಬನ ಗಾಳದಿಂದ ಏನಾದೀತು?

ಈ ಪ್ರಶ್ನೆ ನ್ಯಾಯವಾದದ್ದೇ. ಒಂದು ಪರ್ಸೀನ್ ಬೋಟು ಒಂದು ಸುತ್ತು ಬಲೆಯಲ್ಲಿ ಟನ್‌ಗಟ್ಟಲೆ ಬಂಗುಡೆ ಎತ್ತುತ್ತದೆ. ಟ್ರಾಲ್ ಬೋಟಿನ ಬಲೆಗೆ ಬಿದ್ದ ಮರಿ ಮೀನು ರಾಶಿ ರಾಶಿಯಾಗಿ ಮೀನಿನ ಪುಡಿ ಮಾಡುವ ಕಾರ್ಖಾನೆಗೆ ಹೋಗುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ (ಸಾರ್ಡಿನ್) ದಡಕ್ಕೆ ಬಂದಿತ್ತು. 2021ರಲ್ಲಿ ಬಂದದ್ದು ಬರೀ 3,297 ಟನ್. ಕಡಲು ಬಿಸಿಯಾದದ್ದೂ ಕಾರಣ, ಮರಿಗಳನ್ನು ಹಿಡಿದದ್ದೂ ಕಾರಣ. ಇದರ ಮುಂದೆ ಕಯಾಕಿನವನ ಎರಡು ಕಿಲೋ ಯಾವ ಲೆಕ್ಕ?

ಬಂಗುಡೆ, ಬೂತಾಯಿ ಮಟ್ಟಿಗೆ ಯಾವ ಲೆಕ್ಕವೂ ಅಲ್ಲ, ಒಪ್ಪುತ್ತೇನೆ. ಆದರೆ ಕಯಾಕಿನವರು ಹುಡುಕಿಕೊಂಡು ಹೋಗುವ ಮೀನು ಅವಲ್ಲವಲ್ಲ. ನಾವು ಹೋಗುವುದು ಕಲ್ಲಿನ ಬುಡಕ್ಕೆ, ಕಾಂಡ್ಲದ (ಮ್ಯಾಂಗ್ರೋವ್ ಗಿಡಗಳ) ಅಂಚಿಗೆ, ಸೇತುವೆಯ ಕಂಬದ ಹತ್ತಿರಕ್ಕೆ. ಅಲ್ಲಿರುವುದು ಮುರು (ಗ್ರೂಪರ್), ಕೆಂಬೇರಿ (ರೆಡ್ ಸ್ನ್ಯಾಪರ್), ಕಾರವಾರದವರು ಚೊಣಕ್ ಎನ್ನುವ ಸೀ ಬಾಸ್. ಇವು ಹಿಂಡು ಕಟ್ಟಿಕೊಂಡು ಊರೂರು ಸುತ್ತುವ ಮೀನುಗಳಲ್ಲ. ಒಂದು ಕಲ್ಲಿನ ಸಂದಿ ಹಿಡಿದರೆ ಅಲ್ಲೇ ಬಹಳ ಕಾಲ ಇರುತ್ತವೆ. ಟ್ರಾಲ್ ಬಲೆ ಕಲ್ಲಿನ ಮೇಲೆ ಎಳೆದರೆ ಹರಿಯುತ್ತದೆ, ಹಾಗಾಗಿ ಬೋಟಿನವರು ಅಂಥ ಜಾಗ ಬಿಡುತ್ತಾರೆ. ಅಲ್ಲಿ ಉಳಿದುಕೊಂಡ ಮೀನನ್ನು ಖಾಲಿ ಮಾಡಲು ನಾಲ್ಕು ಜನ ಹುರುಪಿನವರು ಒಂದು ಬೇಸಿಗೆ ಓಡಾಡಿದರೆ ಸಾಕು. ಸದ್ದಿಲ್ಲದ, ಮೊಣಕಾಲು ನೀರಿನಲ್ಲೂ ತೇಲುವ ಕಯಾಕ್ ಎಲ್ಲಿಗೆ ಬೇಕಾದರೂ ನುಗ್ಗುತ್ತದೆ. ಅದರ ಹೆಚ್ಚುಗಾರಿಕೆಯೂ ಅದೇ, ಅಪಾಯವೂ ಅದೇ.

ಅಳಿವೆಯೋ, ಕಡಲೋ?

ಮೊದಲ ವರ್ಷ ಅಳಿವೆಯ ಒಳಗೇ ಇರಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಕಾಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿಯ ಪಂಚಗಂಗಾವಳಿ, ಕೋಡಿಬೆಂಗ್ರೆಯಲ್ಲಿ ಕಡಲು ಸೇರುವ ಸೀತಾ-ಸುವರ್ಣಾ, ಎಲ್ಲ ಕಡೆ ಕಾಂಡ್ಲ ಇದೆ, ಅಲೆಯಿಲ್ಲದ ನೀರಿದೆ. ಹೊನ್ನಾವರದಲ್ಲೂ ಸಾಲಿಗ್ರಾಮದಲ್ಲೂ ಬಾಡಿಗೆಗೆ ಕಯಾಕ್ ಕೊಡುವವರಿದ್ದಾರೆ. ಅಲ್ಲಿ ಹುಟ್ಟು ಹಾಕುವುದನ್ನು ಕಲಿತು, ಮಗುಚಿ ಬಿದ್ದು ಮತ್ತೆ ಹತ್ತುವುದನ್ನು ಕಲಿತು, ಆಮೇಲೆ ಗಾಳದ ಕೋಲು, ಅಂದರೆ ರಾಡ್ ಮುಟ್ಟಿ.

ಆದರೆ ಅಳಿವೆಗೆ ಒಂದು ಬೆಲೆ ಇದೆ. ಅದು ಮೀನಿನ ಬಾಲವಾಡಿ. ಕೆಂಬೇರಿಯ ಮರಿ, ಮುರುವಿನ ಮರಿ, ಸಿಗಡಿ, ಕಾಣೆ, ಎಲ್ಲ ಬೆಳೆಯುವುದು ಕಾಂಡ್ಲದ ಬೇರುಗಳ ನಡುವೆ. ಅಲ್ಲಿ ಸಣ್ಣ ಗಾಳ ಹಾಕಿ ಕೂತರೆ ಅಂಗೈಯಗಲದ ಮರಿಗಳೇ ಹತ್ತರಲ್ಲಿ ಎಂಟು. ಅಳಿವೆಯಲ್ಲಿ ಗಾಳ ಹಾಕುವವರು ಬಿಡುವ ಕಲೆಯನ್ನು ಮೊದಲು ಕಲಿಯಬೇಕು.

ಕಡಲಿಗೆ ಇಳಿದರೆ ಮೀನು ದೊಡ್ಡದು, ಅಪಾಯವೂ ದೊಡ್ಡದು. ಬೇರೆಲ್ಲಕ್ಕಿಂತ ನನಗೆ ಹೆದರಿಕೆ ಅಳಿವೆ ಬಾಯಿಯ ಬಗ್ಗೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ರಭಸದಿಂದ ಹೊರಗೆ ನುಗ್ಗುತ್ತದೆ. ಎದುರಿನಿಂದ ಕಡಲ ಅಲೆ ಬರುತ್ತದೆ. ಕೆಳಗೆ ಮರಳು ದಿಬ್ಬ. ಮೂರೂ ಸೇರಿದ ಜಾಗದಲ್ಲಿ ಅಲೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಎಂಜಿನ್ ಇರುವ ದೊಡ್ಡ ದೋಣಿಗಳೇ ಅಲ್ಲಿ ಮಗುಚಿವೆ. ಕಯಾಕಿನವರು ಉಬ್ಬರದ ಕೊನೆಗೆ, ನೀರು ನಿಂತ ಹಾಗಿರುವ ಹೊತ್ತಿಗೆ ಮಾತ್ರ ದಾಟಬೇಕು. ಇಲ್ಲದಿದ್ದರೆ ಮರಳ ದಡದಿಂದ ನೇರವಾಗಿ ಇಳಿಯುವುದೇ ಒಳ್ಳೆಯದು.

ಇನ್ನೊಂದು ಗಾಳಿಯ ಲೆಕ್ಕ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗ್ಗೆ ಮೂಡುಗಾಳಿ ಬೀಸುತ್ತದೆ, ದಡದಿಂದ ಕಡಲಿನ ಕಡೆಗೆ. ಹೊರಗೆ ಹೋಗುವುದು ಸುಲಭ ಅನಿಸುತ್ತದೆ. ನೀರೂ ಕನ್ನಡಿಯ ಹಾಗಿರುತ್ತದೆ. ಆ ಸುಲಭವನ್ನು ನಂಬಬೇಡಿ. ಗಾಳಿ ಜೋರಾದರೆ ನೀವು ಕೂತಲ್ಲೇ ದಡ ದೂರ ಹೋಗುತ್ತಿರುತ್ತದೆ. ಮಧ್ಯಾಹ್ನದ ಪಡುಗಾಳಿ ವಾಪಸ್ ತಳ್ಳುತ್ತದೆ ನಿಜ, ಆದರೆ ಜೊತೆಗೆ ಅಲೆಯನ್ನೂ ತರುತ್ತದೆ. ಹೊರಡುವಾಗಲೇ ಗಾಳಿಗೆ ಎದುರಾಗಿ ಹತ್ತು ನಿಮಿಷ ಹುಟ್ಟು ಹಾಕಿ ನೋಡಿ. ಆಗದಿದ್ದರೆ ಆ ದಿನ ಬೇಡ.

ಕಯಾಕ್: ಒಳಗೆ ಕೂರುವುದೋ, ಮೇಲೆ ಕೂರುವುದೋ?

ಇಲ್ಲಿ ಜಾಸ್ತಿ ಚರ್ಚೆಯೇ ಬೇಕಿಲ್ಲ. ಕಾಲು ಒಳಗೆ ತೂರಿಸಿ ಕೂರುವ ಕಯಾಕ್ ವೇಗವಾಗಿ ಹೋಗುತ್ತದೆ, ಹಗುರ. ಹಿಮದ ನಾಡಿನ ಇನ್ಯುಯಿಟ್ ಜನ ಸೀಲ್ ಬೇಟೆಗೆ ಕಟ್ಟಿಕೊಂಡದ್ದು ಅದೇ ಬಗೆಯದು. ಚಳಿ ನೀರು ಮೈಗೆ ತಾಗಬಾರದು ಎಂಬುದು ಅವರ ಚಿಂತೆ. ನಮಗೆ ಆ ಚಿಂತೆ ಇಲ್ಲ. ಅದು ಮಗುಚಿದರೆ ಒಳಗೆ ನೀರು ತುಂಬುತ್ತದೆ, ನಡು ಕಡಲಲ್ಲಿ ಒಬ್ಬರೇ ಖಾಲಿ ಮಾಡುವುದು ಬಹಳ ಕಷ್ಟ. ಮೇಲೆ ಕೂರುವ ಕಯಾಕ್ ಮುಚ್ಚಿದ ಡಬ್ಬಿಯ ಹಾಗೆ. ಮೇಲೆ ಬಿದ್ದ ನೀರು ತೂತುಗಳಿಂದ ಇಳಿದು ಹೋಗುತ್ತದೆ. ಮಗುಚಿದರೆ ತಿರುಗಿಸಿ ಹತ್ತಬಹುದು. ಗಾಳ ಹಾಕುವವರಿಗೆ ಇದೇ ಸರಿ.

ಗಾಳಿ ತುಂಬಿಸುವ ಕಯಾಕ್ ಮಡಚಿ ಕಾರಿನ ಡಿಕ್ಕಿಯಲ್ಲಿ ಇಡಬಹುದು, ಬೆಂಗಳೂರಿನ ಫ್ಲ್ಯಾಟಿನಲ್ಲಿರುವವರಿಗೆ ಆಸೆ ಹುಟ್ಟಿಸುತ್ತದೆ. ಅಳಿವೆಗೆ ಆದೀತು. ಕಡಲಿಗೆ ಬೇಡ. ಗಾಳಿ ಬಂದರೆ ಎಲೆಯ ಹಾಗೆ ತೇಲಿ ಹೋಗುತ್ತದೆ. ಕೆಂಬೇರಿಯ ಬೆನ್ನಿನ ಮುಳ್ಳು, ಗಾಳದ ತುದಿ, ಕಲ್ಲಿಗೆ ಅಂಟಿದ ಸಿಪ್ಪಿ, ಯಾವುದಾದರೂ ಒಂದು ಅದನ್ನು ಚುಚ್ಚಿಯೇ ಚುಚ್ಚುತ್ತದೆ.

ಉಳಿದದ್ದು ಹುಟ್ಟೋ, ಪೆಡಲೋ ಎಂಬುದು. ಕಾಲಿನಿಂದ ತುಳಿಯುವ ಕಯಾಕ್ ಬಂದು ಬಹಳ ಕಾಲವಾಯಿತು. ಹೋಬಿ ಕಂಪನಿ ರೆಕ್ಕೆ ಬಡಿಯುವ ಹಾಗಿನ ಪೆಡಲನ್ನು ತಂದದ್ದು 1997ರಲ್ಲಿ. ಅದರ ದೊಡ್ಡ ಅನುಕೂಲ ಎಂದರೆ ಎರಡೂ ಕೈ ಖಾಲಿ. ಮೀನು ಎಳೆಯುವಾಗಲೂ ದೋಣಿಯನ್ನು ಕಲ್ಲಿನಿಂದ ದೂರ ಇಡಬಹುದು. ಮೀನನ್ನು ಬಿಡುವಾಗ ಒಂದು ಕೈಯಲ್ಲಿ ಅದನ್ನು ನೀರಿನಲ್ಲಿ ಹಿಡಿದುಕೊಂಡು ನಿಧಾನವಾಗಿ ಮುಂದೆ ಹೋದರೆ ಅದರ ಕಿವಿರಿಗೆ ನೀರು ಸಿಗುತ್ತದೆ. ಈ ಒಂದು ಕಾರಣಕ್ಕೆ ನನಗೆ ಪೆಡಲಿನ ಮೇಲೆ ಮನಸ್ಸು. ಆದರೆ ಅದು ಭಾರ, ಬೆಲೆ ಜಾಸ್ತಿ, ಮರಳು ಮತ್ತು ಕಾಂಡ್ಲದ ಬೇರಿಗೆ ಸಿಕ್ಕಿ ಹಾಕಿಕೊಳ್ಳುತ್ತದೆ. ಒಬ್ಬರೇ ದಡದಿಂದ ಎಳೆದುಕೊಂಡು ಹೋಗುವವರು, ಅಳಿವೆಯಲ್ಲೇ ಇರುವವರು ಹತ್ತು-ಹನ್ನೆರಡು ಅಡಿಯ ಸಾದಾ ಹುಟ್ಟಿನ ಕಯಾಕ್ ತೆಗೆದುಕೊಳ್ಳಿ. ಹೊರ ಕಡಲಿಗೆ ಇನ್ನೂ ಒಂದೆರಡು ಅಡಿ ಉದ್ದ ಇದ್ದರೆ ನೇರ ಹೋಗುತ್ತದೆ.

ಕಯಾಕ್ ಕೊಳ್ಳದೆ ಇರುವುದೂ ಒಂದು ಆಯ್ಕೆ. ಊರಿನ ಮೀನುಗಾರರ ಜೊತೆ ಸಣ್ಣ ಪಾತಿ ದೋಣಿಯಲ್ಲಿ ನಾಲ್ಕು ದಿನ ಹೋಗಿ, ಅವರ ದುಡಿಮೆಗೆ ಸಲ್ಲಬೇಕಾದದ್ದನ್ನು ಕೊಡಿ. ಎಲ್ಲಿ ಕಲ್ಲಿದೆ, ಎಲ್ಲಿ ಸುಳಿಯಿದೆ, ಯಾವ ತಿಂಗಳು ಯಾವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಯಾವ ವಿಡಿಯೊದಲ್ಲೂ ಇಲ್ಲ. ಜೊತೆಗೆ, ಅವರು ಬಲೆ ಬಿಟ್ಟ ಜಾಗದಲ್ಲಿ ನೀವು ಗಾಳ ಎಸೆದು ಜಗಳ ಮಾಡಿಕೊಳ್ಳುವುದೂ ತಪ್ಪುತ್ತದೆ. ಅವರಿಗೆ ಅದು ಅನ್ನ, ನಮಗೆ ಹವ್ಯಾಸ. ದಾರಿ ಬಿಡಬೇಕಾದವರು ನಾವು.

ಗಾಳ: ಇಡೀ ಮಾತು ನಿಲ್ಲುವುದು ಇಲ್ಲಿ

ಅಂಗಡಿಯಲ್ಲಿ ಸಿಗುವ ಮರದ ಅಥವಾ ಪ್ಲಾಸ್ಟಿಕ್ಕಿನ ನಕಲಿ ಮೀನಿಗೆ ಸಾಮಾನ್ಯವಾಗಿ ಮೂರು ಮೊನೆಯ ಮೂರ್ಗಾಳ ಎರಡು ಇರುತ್ತವೆ. ಅಂದರೆ ಆರು ಮೊನೆ. ಒಮ್ಮೆ ಒಂದು ಅಡಿಯಷ್ಟಿದ್ದ ಕೆಂಬೇರಿ ಹೊಡೆಯಿತು. ಹತ್ತಿರ ತಂದು ನೋಡಿದರೆ ಮುಂದಿನ ಗಾಳದ ಎರಡು ಮೊನೆ ಬಾಯಲ್ಲಿ, ಹಿಂದಿನದರ ಒಂದು ಕಣ್ಣಿನ ಪಕ್ಕ, ಇನ್ನೊಂದು ಕಿವಿರಿನ ಮುಚ್ಚಳದೊಳಗೆ. ತೊಡೆಯ ಮೇಲಿಟ್ಟು ಇಕ್ಕಳ ಹಿಡಿದೆ. ಒಂದು ಬಿಡಿಸುವಾಗ ಮೀನು ಒದ್ದಾಡಿತು, ಇನ್ನೊಂದು ಆಳಕ್ಕೆ ಹೋಯಿತು. ಕೈಗೆಲ್ಲ ರಕ್ತ. ಅದರ ಹುರುಪೆ ನನ್ನ ಪ್ಯಾಂಟಿಗೆ ಅಂಟಿಕೊಂಡು ಒಣಗುತ್ತಿತ್ತು. ಮೂರು ನಿಮಿಷದ ಮೇಲೆ ನೀರಿಗೆ ಬಿಟ್ಟೆ. ಅಡ್ಡ ಬಿದ್ದು ತೇಲಿತು. ಮರಿಯನ್ನು ಬಿಡಬೇಕೆಂದು ಬಿಟ್ಟದ್ದು, ಆದರೆ ನಾನು ಬಿಟ್ಟದ್ದು ಸತ್ತ ಮೀನನ್ನು. ಅವತ್ತೇ ಮನೆಗೆ ಬಂದು ಎಲ್ಲ ಮೂರ್ಗಾಳ ಕಳಚಿದೆ.

ಈಗ ನನ್ನ ನಕಲಿ ಮೀನುಗಳ ಬಾಲಕ್ಕೆ ಒಂದೇ ಒಂಟಿ ಗಾಳ. ಅದರ ತುದಿಯ ಹಿಂದಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದೇನೆ. ಮೀನು ತಪ್ಪಿಸಿಕೊಳ್ಳುವುದಿಲ್ಲವೇ ಎಂದರೆ, ಕೆಲವು ತಪ್ಪಿಸಿಕೊಳ್ಳುತ್ತವೆ. ದಾರವನ್ನು ಬಿಗಿಯಾಗಿ ಇಟ್ಟುಕೊಂಡರೆ ಹೆಚ್ಚಿನವು ಬರುತ್ತವೆ. ಬಿಡಿಸಲು ಐದು ಸೆಕೆಂಡು ಸಾಕು. ಅಲುಗಾಡುವ ಕಯಾಕಿನ ಮೇಲೆ ಅದೇ ಗಾಳ ನಿಮ್ಮ ಕೈಗೆ ಚುಚ್ಚಿಕೊಂಡರೂ ಅಷ್ಟೇ ಸುಲಭವಾಗಿ ಹೊರಗೆ ಬರುತ್ತದೆ.

ಎರೆ ಹಾಕಿ ಹಿಡಿಯುವವರು ವೃತ್ತಗಾಳ ನೋಡಿ, ಸರ್ಕಲ್ ಹುಕ್ ಎಂದು ಕೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ. ಅದರ ಮೊನೆ ಒಳಕ್ಕೆ ಬಾಗಿರುತ್ತದೆ. ಸಾದಾ ಗಾಳವನ್ನು ಮೀನು ನುಂಗಿದರೆ ಹೊಟ್ಟೆಗೆ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ವೃತ್ತಗಾಳ ಒಳಗೆ ಸಿಕ್ಕದೆ ಜಾರಿ ಬಂದು ಬಾಯಿಯ ಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆ. ಒಂದೇ ಷರತ್ತು: ಮೀನು ಕಚ್ಚಿದಾಗ ಜಗ್ಗಬಾರದು. ನಮ್ಮ ಕೈಗೆ ಇದೇ ಕಷ್ಟ, ಚಿಕ್ಕಂದಿನಿಂದ ಜಗ್ಗಿ ರೂಢಿ. ಮೀನು ಎಳೆದುಕೊಂಡು ಹೋಗಲಿ ಎಂದು ಬಿಟ್ಟು, ಸುಮ್ನೆ ರೀಲ್ ಸುತ್ತುತ್ತಾ ಬನ್ನಿ. ಸಿಗಡಿಯ ಎರೆ, ಬಂಗುಡೆಯ ತುಂಡು ಎರಡಕ್ಕೂ ನಾನು ಇದನ್ನೇ ಹಾಕುತ್ತೇನೆ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನದು ತೆಗೆದುಕೊಳ್ಳಬೇಡಿ. ಎಂದಾದರೂ ದಾರ ಕತ್ತರಿಸಿ ಬಿಡಬೇಕಾಗಿ ಬಂದರೆ ಸಾದಾ ಕಬ್ಬಿಣದ್ದು ಮೀನಿನ ಬಾಯಲ್ಲಿ ತುಕ್ಕು ಹಿಡಿದು ಬೇಗ ಕಳಚುತ್ತದೆ.

ಬಿಡುವುದೋ, ತರುವುದೋ?

ಹಿಡಿದು ಬಿಡುವುದೇ ಪುಣ್ಯ, ತಿನ್ನುವುದು ಪಾಪ ಎನ್ನುವವರ ಜೊತೆ ನನಗೆ ಸಹಮತ ಇಲ್ಲ. ಮೀನಿನ ಜಾತಿ ನೋಡದೆ ಬಿಡುವುದರಲ್ಲಿ ಅರ್ಥವಿಲ್ಲ.

ಅಂಜಲನ್ನು ತೆಗೆದುಕೊಳ್ಳಿ, ಉತ್ತರ ಕನ್ನಡದಲ್ಲಿ ಇಶ್ವಾಣ. ಅದು ಮುಂದೆ ಈಜುತ್ತಲೇ ಇರಬೇಕು, ಹಾಗೆ ಈಜಿದರೇ ಕಿವಿರಿಗೆ ಸಾಕಷ್ಟು ನೀರು. ಗಾಳಕ್ಕೆ ಸಿಕ್ಕ ಮೇಲೆ ಪೂರ್ತಿ ದಮ್ಮು ಖಾಲಿ ಆಗುವ ತನಕ ಓಡುತ್ತದೆ. ಫೋಟೊ ತೆಗೆದು ನೀರಿಗೆ ಬಿಟ್ಟರೆ ಬದುಕುವ ಭರವಸೆ ಕಡಿಮೆ. ಬಂಗುಡೆಯೂ ಹಾಗೆಯೇ. ಒಣಗಿದ ಕೈಯಲ್ಲಿ ಹಿಡಿದರೆ ಲೋಳೆಯೂ ಹುರುಪೆಯೂ ಕೈಗೇ ಬರುತ್ತದೆ, ಆಮೇಲೆ ಅದಕ್ಕೆ ಸೋಂಕು. ಇಂಥ ಮೀನಿಗೆ ನನ್ನ ಕ್ರಮ: ಬೇಕಾದಷ್ಟು ಹಿಡಿ, ಗಾಳ ಒಳಗಿಡು. ಒಂದು ಅಂಜಲ್ ಆದರೆ ಆ ದಿನ ಮುಗಿಯಿತು. ಆಟಕ್ಕೆಂದು ಹತ್ತು ಬಂಗುಡೆ ಹಿಡಿದು ಬಿಡುವುದಕ್ಕಿಂತ ಆರು ಹಿಡಿದು ತಿನ್ನುವುದು ಎಷ್ಟೋ ಮೇಲು.

ಕೆಂಬೇರಿ, ಚೊಣಕ್ ಗಟ್ಟಿ ಜೀವ. ಒದ್ದೆ ಕೈಯಲ್ಲಿ, ಸಾಧ್ಯವಾದರೆ ನೀರಿನಿಂದ ಎತ್ತದೆಯೇ ಗಾಳ ಬಿಡಿಸಿದರೆ ಚೆನ್ನಾಗಿ ಬದುಕುತ್ತವೆ. ಕಯಾಕ್ ನೀರಿನ ಮಟ್ಟಕ್ಕೇ ಇರುವುದರಿಂದ ಇದು ಸುಲಭ. ಎತ್ತರದ ದೋಣಿಯಿಂದಲೂ ಸೇತುವೆಯಿಂದಲೂ ಹೀಗೆ ಮಾಡಲು ಆಗುವುದಿಲ್ಲ.

ಮುರುವಿನದ್ದು ಇನ್ನೊಂದು ಕಥೆ. ಆಳವಿಲ್ಲದ ಕಡೆ ಸಿಕ್ಕಿದರೆ ಬಿಡಬಹುದು. ಹದಿನೈದು-ಇಪ್ಪತ್ತು ಮೀಟರಿಗಿಂತ ಕೆಳಗಿನಿಂದ ಮೇಲೆ ಎಳೆದರೆ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬುತ್ತದೆ, ಕಣ್ಣು ಹೊರಗೆ ಬರುತ್ತದೆ, ಜಠರ ಬಾಯಿಂದ ಬಲೂನಿನ ಹಾಗೆ ಆಚೆ ಬರುತ್ತದೆ. ಅದನ್ನು ಚುಚ್ಚಬೇಡಿ. ಅದು ಗಾಳಿಚೀಲ ಅಲ್ಲ, ಮೀನಿನ ಹೊಟ್ಟೆ. ಭಾರದ ಗುಂಡು ಕಟ್ಟಿದ ಕ್ಲಿಪ್ಪಿನಿಂದ ಮೀನನ್ನು ಮತ್ತೆ ಕೆಳಗೆ ಇಳಿಸಿ ಬಿಡುವ ಉಪಾಯ ಇದೆ. ಅದಿಲ್ಲದಿದ್ದರೆ ಅಷ್ಟು ಆಳದ ಕಲ್ಲಿನ ಮೇಲೆ ಗಾಳ ಇಳಿಸಲೇ ಬೇಡಿ.

ಸಣ್ಣದನ್ನು ಬಿಟ್ಟರೆ ಸಾಕೇ?

ಸಾಲದು. ಸಣ್ಣ ಮೀನಿಗೆ ಕಾನೂನು ಇದೆ. ಕೇರಳದಲ್ಲಿ ಬೂತಾಯಿಗೆ 10 ಸೆಂ.ಮೀ, ಬಂಗುಡೆಗೆ 14 ಸೆಂ.ಮೀ ಎಂದು ಕನಿಷ್ಠ ಅಳತೆ ನಿಗದಿ ಮಾಡಿದ್ದಾರೆ. ಅದು ಬಲೆಯವರ ಹೊಟ್ಟೆಪಾಡನ್ನೂ ನೋಡಿ ಇಟ್ಟ ಅಳತೆ. ಹವ್ಯಾಸಕ್ಕೆ ಹೋಗುವವರು ಇನ್ನೂ ಮೇಲೆ ಇಡಬೇಕು. ನಾನು ಬಂಗುಡೆಗೆ 18 ಸೆಂ.ಮೀ ಇಟ್ಟುಕೊಂಡಿದ್ದೇನೆ, ಮೊದಲ ಸಲ ಮೊಟ್ಟೆಗೆ ಬರುವುದು ಹೆಚ್ಚುಕಡಿಮೆ ಆ ಉದ್ದಕ್ಕೆ. ಅಂಜಲಿಗೆ 70. ಬೇರೆ ಮೀನಿನ ಅಳತೆ ಗೊತ್ತಿಲ್ಲದಿದ್ದರೆ ಹೊಟ್ಟೆ ಸೀಳಿದಾಗ ನೋಡಿ, ಬರೆದಿಡಿ. ಒಂದು ವರ್ಷದಲ್ಲಿ ನಿಮ್ಮದೇ ಪಟ್ಟಿ ತಯಾರಾಗುತ್ತದೆ.

ಆದರೆ ದೊಡ್ಡದನ್ನೂ ಬಿಡಬೇಕು ಎಂದಾಗ ಜನ ನನ್ನ ಮುಖ ನೋಡುತ್ತಾರೆ. ಚೊಣಕ್ ಹುಟ್ಟಿ ಬೆಳೆದು ಮೊದಲು ಗಂಡಾಗಿರುತ್ತದೆ. ಕೆಲವು ವರ್ಷ ಗಂಡಾಗಿದ್ದು, ಉದ್ದ ಒಂದು ಮೀಟರಿನ ಹತ್ತಿರ ಬರುವಾಗ ಹೆಣ್ಣಾಗುತ್ತದೆ. ಅಂದರೆ ಅಳಿವೆಯ ಅತಿ ದೊಡ್ಡ ಚೊಣಕ್‌ಗಳೆಲ್ಲ ಹೆಚ್ಚಾಗಿ ತಾಯಂದಿರು. ಅವನ್ನೇ ಆರಿಸಿ ಹಿಡಿದರೆ ಉಳಿಯುವುದು ಗಂಡುಗಳ ಗುಂಪು. ಮುರು ಇದಕ್ಕೆ ಪೂರಾ ಉಲ್ಟಾ. ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ಅಲ್ಲಿ ದೊಡ್ಡದನ್ನೆಲ್ಲ ತೆಗೆದರೆ ಮೊಟ್ಟೆಗೆ ಗಂಡೇ ಇಲ್ಲದಂತಾಗುತ್ತದೆ. ಎರಡಕ್ಕೂ ಉತ್ತರ ಒಂದೇ, ನಡುವಿನ ಅಳತೆಯದನ್ನು ತನ್ನಿ, ಸಣ್ಣದನ್ನೂ ದೊಡ್ಡದನ್ನೂ ಬಿಡಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇದೇ ಚೊಣಕ್‌ಗೆ 58ರಿಂದ 120 ಸೆಂ.ಮೀ ಒಳಗಿನದನ್ನು ಮಾತ್ರ ಇಟ್ಟುಕೊಳ್ಳಬಹುದು ಎಂಬ ಕಾನೂನೇ ಇದೆ. ನಾನು ನನ್ನ ಮಟ್ಟಿಗೆ ಇನ್ನೂ ಬಿಗಿ ಮಾಡಿ 60ರಿಂದ 80 ಎಂದು ಇಟ್ಟುಕೊಂಡಿದ್ದೇನೆ. ಮಸಾಲೆ ಹಿಡಿಯುವುದಕ್ಕೂ ಆ ಅಳತೆಯ ಮೀನೇ ರುಚಿ.

ಅಳೆಯಲು ಟೇಪು ಬೇಡ. ಕಯಾಕಿನ ಅಂಚಿನ ಮೇಲೆ, ಸೀಟಿನ ಪಕ್ಕ, ಅಳಿಸದ ಬಣ್ಣದಲ್ಲಿ 18, 60, 70, 80 ಗೆರೆ ಎಳೆಯಿರಿ. ನೀರಿನ ಪಕ್ಕದಲ್ಲೇ ಮೀನನ್ನು ಹಿಡಿದು ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ತರುವ ಮೀನನ್ನು ಕೂಡಲೇ ಕೊಂದು ಐಸ್ ಚೀಲಕ್ಕೆ ಹಾಕಿ. ದಾರಕ್ಕೆ ಪೋಣಿಸಿ ನೀರಿನಲ್ಲಿ ಎಳೆದುಕೊಂಡು ಬರುವುದು ಮೀನಿಗೂ ಹಿಂಸೆ, ರುಚಿಯೂ ಕೆಡುತ್ತದೆ.

ಆಮೆ ಗಾಳಕ್ಕೆ ಸಿಕ್ಕಿದರೆ ದಾರವನ್ನು ಆದಷ್ಟು ಗಾಳದ ಹತ್ತಿರ ಕತ್ತರಿಸಿ ಬಿಡಿ, ಎತ್ತಬೇಡಿ. ಕಡಲಾಮೆ, ಗರಗಸ ಮೀನು, ತಿಮಿಂಗಿಲ ಶಾರ್ಕ್ ಇವೆಲ್ಲ ವನ್ಯಜೀವಿ ಕಾನೂನಿನ ರಕ್ಷಣೆಯಲ್ಲಿವೆ.

ಯಾವಾಗ, ಹೇಗೆ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಎಂಜಿನ್ ಇಲ್ಲದ ಕಯಾಕನ್ನು ಈ ನಿಷೇಧ ತಡೆಯುವುದಿಲ್ಲ. ಮಳೆಗಾಲದ ಕಡಲು ತಡೆಯುತ್ತದೆ. ಆಗ ಕೆಲವರು ಅಳಿವೆಗೆ ಹೋಗುತ್ತಾರೆ, ನೀರು ಕೆಂಪಾಗಿದ್ದಾಗ ಮೀನು ಚೆನ್ನಾಗಿ ಸಿಗುತ್ತದೆ ಎಂದು. ಆ ಹೊತ್ತಿಗೆ ಅಳಿವೆ ಬಾಯಿಗೆ ಬರುವ ಚೊಣಕ್ ಮೊಟ್ಟೆ ಇಡಲು ಬರುವುದು. ಬೋಟಿನವರೇ ಎರಡು ತಿಂಗಳು ಸಂಪಾದನೆ ಬಿಟ್ಟು ಕೂರುವಾಗ ಹವ್ಯಾಸದವರು ಕೂರಲಾರೆವೇ? ನಾನು ಆಗಸ್ಟ್ ಕೊನೆಯವರೆಗೂ ರಾಡ್ ಮುಟ್ಟುವುದಿಲ್ಲ. ಅಕ್ಟೋಬರ್ ನಡುವಿನಿಂದ ಫೆಬ್ರವರಿವರೆಗೆ ಕಡಲು ಒಳ್ಳೆಯದು. ಏಪ್ರಿಲ್ ನಂತರ ಮಧ್ಯಾಹ್ನದ ಗಾಳಿ ಜೋರು.

ಲೈಫ್ ಜಾಕೆಟ್ ಸೀಟಿನ ಹಿಂದೆ ಅಲ್ಲ, ಮೈಮೇಲೆ ಇರಲಿ. ಹುಟ್ಟಿಗೆ ಹಗ್ಗ, ಕೊರಳಿಗೆ ಸೀಟಿ, ನೀರು ನುಗ್ಗದ ಚೀಲದಲ್ಲಿ ಮೊಬೈಲು. ಅದರಲ್ಲಿ ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554 ಎರಡೂ ಇರಲಿ. ಬಣ್ಣದ ಬಾವುಟ ಒಂದನ್ನು ಎತ್ತರಕ್ಕೆ ಕಟ್ಟಿ, ಬೋಟಿನ ಮೇಲಿರುವವರಿಗೆ ಅಲೆಯ ನಡುವಿನ ಕಯಾಕ್ ಕಾಣುವುದೇ ಇಲ್ಲ. ಕಾರವಾರದಲ್ಲಿ ನೌಕಾನೆಲೆಯ ಕಡೆ ಹೋಗಬೇಡಿ. ಎಷ್ಟು ಗಂಟೆಗೆ ವಾಪಸ್ ಎಂದು ದಡದಲ್ಲಿ ಒಬ್ಬರಿಗಾದರೂ ಹೇಳಿ ಹೊರಡಿ.

ಕತ್ತರಿಸಿದ ನೈಲಾನ್ ದಾರಕ್ಕೆ ಜಾಕೆಟ್ಟಿನ ಒಂದು ಜೇಬು ಮೀಸಲಿಡಿ. ಕಾಂಡ್ಲದ ಕೊಂಬೆಗೆ ಸಿಕ್ಕಿದ ದಾರದಲ್ಲಿ ನೀರುಕಾಗೆಯ ರೆಕ್ಕೆ ಸುತ್ತಿಕೊಂಡದ್ದನ್ನು ಬಿಡಿಸಲು ನನಗೆ ಅರ್ಧ ಗಂಟೆ ಹಿಡಿದಿತ್ತು. ಆ ದಾರ ಬೇರೆ ಯಾರದೋ. ಈಗ ನಾನು ಹೋದ ಕಡೆಯಲ್ಲೆಲ್ಲ ಬೇರೆಯವರು ಬಿಟ್ಟ ದಾರವನ್ನೂ ಅದೇ ಜೇಬಿಗೆ ತುಂಬಿಕೊಂಡು ಬರುತ್ತೇನೆ.